ಟೈರ್ ಸವೆತ: ರಸ್ತೆಗೂ ಇದೆ ಹೊಣೆ

ಕಾರಿನ ಟೈರ್ ಒಂದೇ ಅಂಚಿನಲ್ಲಿ ಸವೆದರೆ ದೂಷಣೆಗೆ ಗುರಿಯಾಗುವುದು ಚಾಲಕ ಅಥವಾ ಟೈರ್ ತಯಾರಕ. ನಿತ್ಯ ಓಡಾಡುವ ರಸ್ತೆಯ ವಿನ್ಯಾಸಕ್ಕೂ ಇದರಲ್ಲಿ ಪಾಲಿದೆ ಎಂಬುದು ಚರ್ಚೆಗೆ ಬರುವುದೇ ಅಪರೂಪ.

ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿ ಅಂಚಿನತ್ತ ಇಳಿಜಾರು ಕೊಡಲಾಗುತ್ತದೆ. ಡಾಂಬರು ರಸ್ತೆಗೆ ಮೀಟರ್ ಅಗಲಕ್ಕೆ ಸುಮಾರು 2ರಿಂದ 2.5 ಸೆಂ.ಮೀ. ಇಳಿಜಾರು ಸಾಕು. ಆದರೆ ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕುತ್ತ ಹೋದರೆ ಈ ಲೆಕ್ಕ ತಪ್ಪುತ್ತದೆ. ಎಡಬದಿಯಲ್ಲಿ ಸಾಗುವ ಕಾರು ಅಂಚಿನತ್ತ ಎಳೆಯತೊಡಗುತ್ತದೆ; ಚಾಲಕ ಸ್ಟೀರಿಂಗನ್ನು ಸದಾ ತುಸು ಬಲಕ್ಕೆ ಹಿಡಿದಿರಬೇಕಾಗುತ್ತದೆ. ಈ ಎಳೆದಾಟದ ಬೆಲೆಯನ್ನು ತೆರುವುದು ಟೈರು.

ವೃತ್ತಗಳ ಪರಿಣಾಮವೂ ಇಂಥದ್ದೇ. ಮೈಸೂರಿನಂತಹ ವೃತ್ತಗಳ ನಗರದಲ್ಲಿ ವಾಹನಗಳು ಗಡಿಯಾರದ ಮುಳ್ಳಿನಂತೆ ಬಲಕ್ಕೆ ಬಳಸಿ ಸಾಗುತ್ತವೆ. ಆಗ ಭಾರ ಎಡಗಡೆಯ ಚಕ್ರಗಳ ಮೇಲೆ ವಾಲುತ್ತದೆ. ವೇಗ ಹೆಚ್ಚಿದಷ್ಟೂ ಎಡ ಮುಂಚಕ್ರದ ಹೊರ ಅಂಚು ಬೇಗ ಸವೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಹಠಾತ್ ಹೊಡೆತ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಗಂಟೆಗೆ 25 ಕಿ.ಮೀ. ವೇಗಕ್ಕೆ ಸೂಚಿಸಿದ ರಸ್ತೆಯುಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಬಡಾವಣೆಗಳಲ್ಲಿ ಕಾಣುವ ಕಿರಿದಾದ, ಕಡಿದಾದ ಉಬ್ಬುಗಳಿಗೂ ಈ ಅಳತೆಗೂ ಸಂಬಂಧವೇ ಇಲ್ಲ. ಜತೆಗೆ ರಸ್ತೆಗುಂಡಿಗಳು, ಮಟ್ಟ ತಪ್ಪಿದ ಮ್ಯಾನ್‌ಹೋಲ್ ಮುಚ್ಚಳಗಳು. ಹೊಡೆತದಿಂದ ಚಕ್ರದ ಕೋನ ಕೊಂಚ ತಪ್ಪಿದರೂ ಟೈರ್ ಉರುಳುತ್ತಲೇ ಅಡ್ಡಲಾಗಿ ಉಜ್ಜಿಕೊಳ್ಳುತ್ತದೆ.

ಇದು ಕೇವಲ ಖರ್ಚಿನ ಪ್ರಶ್ನೆಯಲ್ಲ. ಕಾರಿನ ಟೈರ್‌ಗೆ ಕನಿಷ್ಠ 1.6 ಮಿ.ಮೀ. ಆಳದ ಗೀರುಗಳಿರಬೇಕೆಂಬುದು ನಿಯಮ. ಹೊರನೋಟಕ್ಕೆ ಚೆನ್ನಾಗಿರುವ ಟೈರಿನ ಒಳ ಅಂಚು ನುಣುಪಾಗಿದ್ದರೆ ಅದು ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗಲೇ ಅದರ ಅಪಾಯ ತಿಳಿಯುವುದು.

ವ್ಹೀಲ್ ಅಲೈನ್‌ಮೆಂಟ್, ಟೈರ್‌ಗಳ ಅದಲುಬದಲು ತಾತ್ಕಾಲಿಕ ಉಪಶಮನವಷ್ಟೇ. ಡಾಂಬರು ಹಾಕುವ ಮುನ್ನ ಹಳೆಯ ಪದರ ಕೆರೆಯುವುದು, ಮುಚ್ಚಳಗಳನ್ನು ರಸ್ತೆಯ ಮಟ್ಟಕ್ಕೆ ತರುವುದು, ಉಬ್ಬುಗಳನ್ನು ಅಳತೆಗೆ ಸರಿಯಾಗಿ ಕಟ್ಟುವುದು ಅಸಾಧ್ಯದ ಕೆಲಸಗಳೇನಲ್ಲ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಕೊಳವೆ, ಕೇಬಲ್‌ಗಳನ್ನು ಪಾದಚಾರಿ ಮಾರ್ಗದ ಅಡಿಗೆ ಸಾಗಿಸಿದ್ದು ಇಂತಹ ಸುಧಾರಣೆಗೆ ಕಣ್ಣೆದುರಿನ ಉದಾಹರಣೆ. ಕಾಮಗಾರಿಯಲ್ಲಿ ಉಳಿಸಿದ ಹಣವನ್ನು ವಾಹನ ಮಾಲೀಕರು ಟೈರ್ ಅಂಗಡಿಯಲ್ಲಿ ತೆರುವಂತಾದರೆ ಅದನ್ನು ಉಳಿತಾಯವೆನ್ನಲಾಗದು.