ಮೊಳೆ ಹೊಡೆದ ಪ್ರೊಪೆಲ್ಲರ್

ಸಣ್ಣ ದೋಣಿಯ ಮೋಟಾರಿನಿಂದ ಕೆಟ್ಟ ಪ್ರೊಪೆಲ್ಲರನ್ನು ಬಿಚ್ಚಲು ದೊಡ್ಡ ಸುತ್ತಿಗೆಯೇ ಬೇಕಾಯಿತೆಂದರೆ, ತಪ್ಪು ಅದಕ್ಕೆ ಎಷ್ಟೋ ಮೊದಲು ನಡೆದಿರುತ್ತದೆ. ಬಹಳ ಸಲ ಆ ತಪ್ಪಿನ ಹೆಸರು ಮೊಳೆ. ಅದಕ್ಕೆ ದೋಣಿಯಲ್ಲಿ ಜಾಗವೇ ಇರಕೂಡದೆಂಬುದು ನಮ್ಮ ವಾದ. ಈ ವಾದಕ್ಕೆ ನಾವು ಸಾಕಷ್ಟು ಬೆಲೆ ತೆತ್ತಿದ್ದೇವೆ.

ಮುಂಬಯಿಯ ವರ್ಸೋವಾ ಮತ್ತು ಮಢದ ನಡುವಿನ ಖಾಡಿಯ ದಂಡೆಯಲ್ಲಿ ನಾವು ಮೂವರು ಗೆಳೆಯರು ಕೂಡಿ ಕೊಂಡ ಹಳೆಯ ದೋಣಿಯೊಂದಿದೆ. ರಜೆಯ ದಿನ ಅದರಲ್ಲಿ ಹೋಗುತ್ತೇವೆ; ಹಿಡಿದ ಮೀನಿಗಿಂತ ಆಡಿದ ಮಾತೇ ಹೆಚ್ಚು. ಕಳೆದ ಚಳಿಗಾಲದಲ್ಲಿ, ನೀರು ಇಳಿಯುತ್ತಿದ್ದ ಹೊತ್ತು, ಕೆಸರಿನಲ್ಲಿ ಹೂತಿದ್ದ ಕಲ್ಲಿಗೆ ಪ್ರೊಪೆಲ್ಲರ್ ಬಡಿಯಿತು. ಮುರಿಯಬೇಕಾಗಿದ್ದ ಪಿನ್ನು ಮುರಿಯಲಿಲ್ಲ. ಏಕೆಂದರೆ ಅಲ್ಲಿ ಪಿನ್ನೇ ಇರಲಿಲ್ಲ. ಹಿಂದಿನ ವಾರ ಅದು ತುಂಡಾದಾಗ ನಾವೇ ಒಂದು ದಪ್ಪ ಮೊಳೆಯನ್ನು ತುರುಕಿ, ನಮ್ಮ ಜಾಣ್ಮೆಗೆ ನಾವೇ ತಲೆದೂಗಿದ್ದೆವು. ಅಲಗೊಂದು ಸೀಳಿತು, ಗೇರುಪೆಟ್ಟಿಗೆಯೊಳಗೆ ಹಲ್ಲು ಮುರಿದ ಸದ್ದಾಯಿತು. ಮತ್ತೆ ಉಬ್ಬರ ಬಂದು ದೋಣಿ ತೇಲುವವರೆಗೆ ಐದು ತಾಸು ಕೆಸರಿನ ಮೇಲೆ ಕುಳಿತೆವು. ನಮ್ಮಲ್ಲೊಬ್ಬರು ಸಕ್ಕರೆ ಕಾಯಿಲೆಯವರು. ತಂದಿದ್ದ ತಿಂಡಿ ಆಗಲೇ ಮುಗಿದಿತ್ತು. ಕೊನೆಯ ಎರಡು ತಾಸು ಅವರ ಬೆವೆತ ಹಣೆಯನ್ನು ನೋಡುತ್ತ ಕಳೆದೆವು.

ಸಣ್ಣ ಮೋಟಾರುಗಳಲ್ಲಿ ಶಿಯರ್ ಪಿನ್ ಇರುವುದೇ ಮುರಿಯಲೆಂದು. ಶಾಫ್ಟಿನ ತಿರುಗುಬಲ ಅದರ ಮೂಲಕವೇ ಪ್ರೊಪೆಲ್ಲರನ್ನು ತಲುಪುತ್ತದೆ. ಕಲ್ಲು ಬಡಿದಾಗ ಪಿನ್ನು ತಾನು ತುಂಡಾಗಿ ಗೇರನ್ನು ಉಳಿಸುತ್ತದೆ. ದೊಡ್ಡ ಮೋಟಾರುಗಳಲ್ಲಿ ಇದೇ ಕೆಲಸವನ್ನು ಪ್ರೊಪೆಲ್ಲರಿನ ಗುಂಬದೊಳಗಿನ ರಬ್ಬರು ಮಾಡುತ್ತದೆ. ಮೊಳೆಯಾದರೋ ಗಟ್ಟಿಯಾಗಿದ್ದರೆ ಮುರಿಯುವುದಿಲ್ಲ, ಮೆತ್ತಗಿದ್ದರೆ ರಂಧ್ರದೊಳಗೇ ಬಾಗಿ ಕಚ್ಚಿಕೊಳ್ಳುತ್ತದೆ.

ನಮ್ಮ ಮೋಟಾರಿನಲ್ಲಿ ಪಿನ್ನು ಪ್ರೊಪೆಲ್ಲರಿನ ಗುಂಬವನ್ನೂ ಶಾಫ್ಟನ್ನೂ ಒಟ್ಟಿಗೆ ಅಡ್ಡ ಹಾಯುತ್ತದೆ. ಬಿಚ್ಚುವ ಕ್ರಮ ಸರಳ. ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಇದನ್ನು ಮರೆಯುವವರೇ ಹೆಚ್ಚು. ಗೇರಿನಲ್ಲಿರುವ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಎಂಜಿನೂ ತಿರುಗುತ್ತದೆ, ಒಂದು ಕಿಡಿ ಹತ್ತಿದರೆ ಬೆರಳು ಹೋಯಿತು. ಆಮೇಲೆ ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಎಳೆದು, ತುದಿಯ ಟೋಪಿಯನ್ನು ತೆಗೆಯಬೇಕು. ಶಿಯರ್ ಪಿನ್ ತುಂಡಾಗಿದ್ದರೆ ಪ್ರೊಪೆಲ್ಲರನ್ನು ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ ತುಂಡುಗಳು ಒಂದೇ ಗೆರೆಗೆ ಬರುವಂತೆ ಮಾಡಿ, ಶಾಫ್ಟಿನ ಕೆಳಗೆ ಮರದ ತುಂಡಿನ ಆಸರೆ ಕೊಟ್ಟು, ಸಣ್ಣ ಪಂಚಿನಿಂದ ತಟ್ಟಿದರೆ ಅವು ಆಚೆ ಬೀಳುತ್ತವೆ. ಪ್ರೊಪೆಲ್ಲರ್ ಕೈಗೆ ಬರುತ್ತದೆ.

ನಮ್ಮದು ಬರಲಿಲ್ಲ. ಬಾಗಿದ ಮೊಳೆ ಎರಡನ್ನೂ ಹಿಡಿದುಕೊಂಡಿತ್ತು. ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆವು. ಶಾಫ್ಟಿನ ತುದಿಗೆ ಬಡಿಯಿರಿ ಎಂದವರಿದ್ದರು, ಬೆಂಕಿ ಹಿಡಿಯಿರಿ ಎಂದವರೂ ಇದ್ದರು. ಬಡಿದರೆ ಪೆಟ್ಟು ನೇರ ಗೇರಿಗೆ, ಬೇರಿಂಗಿಗೆ. ಕಾಸಿದರೆ ನೀರು ತಡೆಯುವ ರಬ್ಬರಿನ ಸೀಲು ಸುಡುತ್ತದೆ. ಕೊನೆಗೆ ಮುರಿದ ಪ್ರೊಪೆಲ್ಲರಿನ ಗುಂಬವನ್ನೇ ಗರಗಸದಿಂದ ಕೊಯ್ದು ಬಿಡಿಸಿದೆವು. ಹೇಗೂ ಹಾಳಾದ ವಸ್ತುವನ್ನು ಇನ್ನಷ್ಟು ಹಾಳುಮಾಡಿ ಶಾಫ್ಟನ್ನು ಉಳಿಸಿದ್ದು ಆ ದಿನದ ಏಕೈಕ ವಿವೇಕ. ಶಾಫ್ಟಿನ ಬುಡದಲ್ಲಿ ಗಾಳದ ನೈಲಾನ್ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿದ್ದು ಆಗಲೇ ಕಂಡದ್ದು. ಗೇರಿನ ಎಣ್ಣೆ ನೀರು ಕೂಡಿ ಹಾಲಿನಂತೆ ಬೆಳ್ಳಗಾಗಿತ್ತು. ಕೆಡದಿದ್ದರೂ ವರ್ಷಕ್ಕೆರಡು ಸಲ ಪ್ರೊಪೆಲ್ಲರನ್ನು ಬಿಚ್ಚಿ ನೋಡಬೇಕೆಂದು ನಾವು ಈಗ ಹೇಳುವುದು ಅದಕ್ಕೇ.

ಮೊಳೆ ಹೊಡೆಯುವವರನ್ನು ಹಳಿಯುವುದು ಸುಲಭ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ದಡದಲ್ಲಿರುವಾಗ ನಮ್ಮ ಊರ ಕಡೆಯ ನಾಡದೋಣಿಗಳು ಮಳೆಗಾಲದ ಅಲೆಗಳ ನಡುವೆ ಹೊರಡುತ್ತವೆ. ಅಳಿವೆಯ ಬಾಯಲ್ಲಿ ಪ್ರೊಪೆಲ್ಲರ್ ನಿಂತರೆ ಕೈಗೆ ಸಿಕ್ಕಿದ್ದನ್ನು ತುರುಕಿ ದಡ ಸೇರಬೇಕಾದವನಿಗೆ ಉಪದೇಶ ಹೇಳುವ ಯೋಗ್ಯತೆ ನಮಗಿಲ್ಲ. ಅವನು ದಡ ಸೇರಿದ ಮೇಲೂ ಆ ಮೊಳೆ ಅಲ್ಲೇ ಉಳಿಯುವುದಷ್ಟೇ ನಮ್ಮ ತಕರಾರು. ನಮಗಂತೂ ಆ ನೆಪವೂ ಇರಲಿಲ್ಲ: ಪಿನ್ನು ಸಿಗುವ ಅಂಗಡಿಗೆ ಹೋಗಲು ಒಂದು ವಾರ ಪೂರ್ತಿ ಇತ್ತು.

ಈಗ ಎರಡು ಶಿಯರ್ ಪಿನ್ನು, ಎರಡು ಸ್ಪ್ಲಿಟ್ ಪಿನ್ನು, ಇಕ್ಕಳ, ಪಂಚು ಇವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ದೋಣಿಗೇ ಕಟ್ಟಿದ್ದೇವೆ. ಪಕ್ಕದಲ್ಲೇ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ. ದೋಣಿ ಮಾತ್ರ ಇನ್ನೂ ದಂಡೆಯ ಮೇಲಿದೆ. ಹೊಸ ಗೇರು ಬಂದಿಲ್ಲ.