ಮೇಷ್ಟ್ರ ಕಡೆಯಿಂದ ಕಥೆ ಹೇಳಿದ್ದು ಸಾಕು ಸ್ವಾಮಿ

ಕನ್ನಡದಲ್ಲಿ ಹದಿನಾರು ವರ್ಷದವರ ಬಗ್ಗೆ ಒಂದು ಸಿನಿಮಾ ಹೇಳಿ ನೋಡೋಣ. ಪುಟ್ಟ ಮಕ್ಕಳದ್ದಲ್ಲ. ಮೂವತ್ತು ದಾಟಿದ ಹೀರೋ ನುಣ್ಣಗೆ ಶೇವ್ ಮಾಡಿಕೊಂಡು, ಕೈಯಲ್ಲೊಂದು ನೋಟ್‌ಬುಕ್ ತಿರುಗಿಸುತ್ತಾ ಕಾಲೇಜಿಗೆ ಬರುತ್ತಾನಲ್ಲ, ಅದೂ ಅಲ್ಲ. ನಿಜವಾದ ಹದಿನಾರು. ಮೀಸೆ ಇನ್ನೂ ಚಿಗುರುತ್ತಿರುವ, ಅಪ್ಪನ ಮಾತಿಗೆ ಬಾಗಿಲನ್ನು ಧಡ್ ಅಂತ ಹಾಕಿಕೊಳ್ಳುವ ಹದಿನಾರು.

ಎಷ್ಟು ಹೊತ್ತು ಬೇಕಾಯಿತು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಸಿ.ವಿ. ರಾಮನ್ ನಗರದ ಪಾರ್ಕಿನಲ್ಲಿ, ಹಿರಿಯರೊಬ್ಬರ ಭಾಷಣ ಕೇಳಿದ ಮೇಲೆ. ವಿಷಯ ಮಾಮೂಲಿ. ಈಗಿನ ಹುಡುಗರು ಕೆಟ್ಟಿದ್ದಾರೆ, ಮೊಬೈಲು ಕೆಡಿಸಿತು, ಐವತ್ತರ ದಶಕದಲ್ಲಿ ನಾವು ಅಪ್ಪನ ಎದುರು ಕೂರುತ್ತಲೂ ಇರಲಿಲ್ಲ, ಇತ್ಯಾದಿ. ಯಜಮಾನರೇ, ನಿಮ್ಮ ವಯಸ್ಸಿಗೆ ನಮಸ್ಕಾರ. ಆದರೆ ೧೯೪೭ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು ‘ಮೈಸೂರು ಚಲೋ’ ನಡೆದಾಗ, ಗುಂಡಿಗೆ ಬಲಿಯಾದ ರಾಮಸ್ವಾಮಿ ಹೈಸ್ಕೂಲು ಹುಡುಗ. ಮೈಸೂರಿನ ರಾಮಸ್ವಾಮಿ ಸರ್ಕಲ್ಲಿನಲ್ಲಿ ಬಸ್ಸು ಹತ್ತುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ. ಅವನೇನು ಅಪ್ಪನ ಅನುಮತಿ ಪಡೆದು ಬೀದಿಗಿಳಿದಿದ್ದನೇ?

ಹುಡುಗರು ಆಗಲೂ ತಿರುಗಿ ಬೀಳುತ್ತಿದ್ದರು. ಅದನ್ನು ಯಾರ ಕಣ್ಣಿನಿಂದ ತೋರಿಸಿದರು ಅನ್ನುವುದರಲ್ಲೇ ಇರುವುದು ತಕರಾರು.

ಅದೇ ಐವತ್ತರ ದಶಕದ ಮೂರು ಸಿನಿಮಾ ತೆಗೆದುಕೊಳ್ಳಿ. ೧೯೫೭ರಲ್ಲಿ ಅಮೆರಿಕದ ರಾಬರ್ಟ್ ಆಲ್ಟ್‌ಮನ್ ತನ್ನ ಊರಾದ ಕಾನ್ಸಾಸ್ ಸಿಟಿಯಲ್ಲೇ, ಅರವತ್ತು ಚಿಲ್ಲರೆ ಸಾವಿರ ಡಾಲರಿನಲ್ಲಿ ‘ದಿ ಡೆಲಿಂಕ್ವೆಂಟ್ಸ್’ ಅನ್ನುವ ಚಿತ್ರ ಮಾಡಿದ. ದಾರಿ ತಪ್ಪಿದ ಹುಡುಗರ ಕಥೆ. ಹಾಲಿವುಡ್ಡಿನ ಲೆಕ್ಕದಲ್ಲಿ ಪುಡಿಗಾಸು. ಚಿತ್ರದಲ್ಲಿ ಹುಡುಗರ ಬಿಸಿ ಇದೆ, ಆದರೆ ಶುರುವಿನಲ್ಲೂ ಕೊನೆಯಲ್ಲೂ ಒಂದು ದಪ್ಪ ದನಿ ಬಂದು ಸಮಾಜಕ್ಕೆ ಉಪದೇಶ ಮಾಡಿ ಹೋಗುತ್ತದೆ. ಎರಡನೆಯದು ೧೯೫೮ರ ನಮ್ಮ ‘ಸ್ಕೂಲ್ ಮಾಸ್ಟರ್’. ಬಿ.ಆರ್. ಪಂತುಲು ನಿರ್ದೇಶಿಸಿ, ತಾವೇ ಮೇಷ್ಟ್ರಾಗಿ ನಟಿಸಿದ್ದು. ಅಲ್ಲೂ ತುಂಟ ಹುಡುಗರಿದ್ದಾರೆ. ಅವರು ಇರುವುದೇ ಮೇಷ್ಟ್ರು ತಿದ್ದಲಿ ಅಂತ. ತಿದ್ದಿಸಿಕೊಂಡ ಶಿಷ್ಯ ದೊಡ್ಡವನಾಗಿ ಪೊಲೀಸ್ ಅಧಿಕಾರಿಯಾಗಿ, ಶಿವಾಜಿ ಗಣೇಶನ್ ರೂಪದಲ್ಲಿ ಬಂದು ಗುರುವಿನ ಋಣ ತೀರಿಸುತ್ತಾನೆ. ನಾನೂ ಅತ್ತಿದ್ದೇನೆ ಆ ಸಿನಿಮಾ ನೋಡಿ, ಸುಳ್ಳೇಕೆ.

ಮೂರನೆಯದು ೧೯೫೯ರ ಫ್ರೆಂಚ್ ಚಿತ್ರ, ತ್ರೂಫೋನ ‘ದಿ ಫೋರ್ ಹಂಡ್ರೆಡ್ ಬ್ಲೋಸ್’. ಅದೂ ಕಡಿಮೆ ದುಡ್ಡಿನದೇ. ಪ್ಯಾರಿಸ್ಸಿನ ಬೀದಿಗಳಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆದದ್ದು. ಆಂತ್ವಾನ್ ಅನ್ನುವ ಹುಡುಗ ಶಾಲೆಗೆ ಚಕ್ಕರ್ ಹೊಡೆಯುತ್ತಾನೆ, ಅಮ್ಮ ಸತ್ತಳು ಅಂತ ಮೇಷ್ಟ್ರಿಗೆ ಸುಳ್ಳು ಹೇಳುತ್ತಾನೆ, ಟೈಪ್‌ರೈಟರ್ ಕದಿಯುತ್ತಾನೆ, ಬಾಲಾಪರಾಧಿಗಳ ಕೇಂದ್ರ ಸೇರುತ್ತಾನೆ. ಅಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬಳು ಅವನನ್ನು ಪ್ರಶ್ನೆ ಕೇಳುವ ದೃಶ್ಯವಿದೆ. ಆಕೆ ತೆರೆಯ ಮೇಲೆ ಬರುವುದೇ ಇಲ್ಲ, ದನಿ ಮಾತ್ರ. ಕ್ಯಾಮೆರಾ ಹುಡುಗನನ್ನೇ ನೋಡುತ್ತಾ ಕೂತಿರುತ್ತದೆ. ಅವನು ಬೆರಳು ಹಿಸುಕಿಕೊಳ್ಳುತ್ತಾ, ನಡುನಡುವೆ ನಗುತ್ತಾ, ಅಮ್ಮ ತನ್ನನ್ನು ಯಾಕೆ ಇಷ್ಟಪಡಲ್ಲ ಅಂತ ಹೇಳುತ್ತಾನೆ. ಯಾರೂ ಅವನನ್ನು ತಿದ್ದುವುದಿಲ್ಲ. ಪ್ರೇಕ್ಷಕನಿಗೆ ಅವನು ಅರ್ಥವಾಗುತ್ತಾನೆ, ಅಷ್ಟೇ.

ಒಂದೇ ವರ್ಷದ ಅಂತರ ನೋಡಿ, ನಮ್ಮದಕ್ಕೂ ಅದಕ್ಕೂ. ನಮ್ಮವರು ಕ್ಯಾಮೆರಾವನ್ನು ಮೇಷ್ಟ್ರ ಕುರ್ಚಿಯ ಪಕ್ಕ ಇಟ್ಟರು. ಬಹುತೇಕ ಅಲ್ಲೇ ಇದೆ ಇವತ್ತಿಗೂ.

‘ನಾಗರಹಾವು’ ಇಲ್ಲವೇ ಅಂತ ಕೇಳುತ್ತೀರಿ, ಗೊತ್ತು. ಇದೆ. ೧೯೭೨ರಲ್ಲಿ ತ.ರಾ.ಸು. ಕಾದಂಬರಿಗಳಿಂದ ಪುಟ್ಟಣ್ಣ ಕಟ್ಟಿದ ರಾಮಾಚಾರಿಗಿಂತ ದೊಡ್ಡ ತಿರುಗುಬೋಳಿ ಕನ್ನಡದ ತೆರೆಯಲ್ಲಿ ಇನ್ನೂ ಬಂದಿಲ್ಲ. ಆದರೆ ಆ ಸಿನಿಮಾದಿಂದ ನಾವು ಮನೆಗೆ ತಂದದ್ದೇನು? ಚಾಮಯ್ಯ ಮೇಷ್ಟ್ರ ಒಂದು ಮಾತಿಗೆ ಕರಗುವ ಶಿಷ್ಯನನ್ನು. ಸ್ವಲ್ಪ ನಿಧಾನವಾಗಿ ಮತ್ತೆ ನೋಡಿ. ಜಾತಿ ಬೇರೆ ಅಂತ ಅಲಮೇಲುವನ್ನು ಬಿಟ್ಟುಕೊಡು ಅಂದವರು ಆ ಮೇಷ್ಟ್ರೇ. ಅವಳ ಬದುಕು ಏನಾಯಿತು? ಮಾರ್ಗರೆಟ್ ವಿಷಯದಲ್ಲೂ ಅಡ್ಡ ಬಂದವರು ಅವರೇ. ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಗುರುವೂ ಉಳಿಯಲಿಲ್ಲ, ಶಿಷ್ಯನೂ ಉಳಿಯಲಿಲ್ಲ. ಪುಟ್ಟಣ್ಣ ಅಷ್ಟು ಸ್ಪಷ್ಟವಾಗಿ ತೋರಿಸಿದ್ದನ್ನು ನಾವು ಶಿಕ್ಷಕರ ದಿನಾಚರಣೆಯ ಸರಕು ಮಾಡಿಕೊಂಡೆವು. ಈ ಪ್ರತಿಭೆಗೆ ಯಾವ ಪ್ರಶಸ್ತಿ ಕೊಡೋಣ?

ಆಮೇಲಿನ ಲೆಕ್ಕ ಬೇಗ ಮುಗಿಯುತ್ತದೆ. ‘ಪ್ರೇಮಲೋಕ’ ಕಾಲೇಜಿಗೆ ಬೈಕು ತಂದಿತು. ೨೦೦೭ರ ‘ಚೆಲುವಿನ ಚಿತ್ತಾರ’ದಲ್ಲಿ ಶಾಲೆಯ ಹುಡುಗಿ ಇದ್ದಳು, ಕಥೆ ತಮಿಳಿನ ‘ಕಾದಲ್’ನಿಂದ ಎರವಲು. ೨೦೦೯ರಲ್ಲಿ ಶಿವಮಣಿ ‘ಜೋಶ್’ ಮಾಡಿದಾಗ ಹೊಸ ಮುಖದ ಹುಡುಗರನ್ನೇ ತಂದರು, ಅದಕ್ಕೆ ಅವರಿಗೊಂದು ಸಲಾಂ. ‘ಕಿರಿಕ್ ಪಾರ್ಟಿ’ ಇಂಜಿನಿಯರಿಂಗ್ ಹಾಸ್ಟೆಲ್ಲು. ಇನ್ನೊಂದು ಕಡೆ ‘ಚಿನ್ನಾರಿ ಮುತ್ತ’, ‘ಕೊಟ್ರೇಶಿ ಕನಸು’, ಇತ್ತೀಚೆಗೆ ಸುಮಂತ್ ಭಟ್ಟರ ‘ಮಿಥ್ಯ’. ಒಳ್ಳೆಯ ಚಿತ್ರಗಳು, ಆದರೆ ಅವು ಮಕ್ಕಳವು. ರಾಜ್ಯ ಪ್ರಶಸ್ತಿಯಲ್ಲಿ ‘ಮಕ್ಕಳ ಚಿತ್ರ’ ಅಂತ ಒಂದು ವಿಭಾಗವಿದೆ. ಹನ್ನೆರಡಕ್ಕೆ ಮಗು ಮಾಯ, ಮತ್ತೆ ಕಾಣಿಸಿಕೊಳ್ಳುವುದು ಡ್ಯೂಯೆಟ್ ಹಾಡುವಾಗ. ನಡುವಿನ ಆರು ವರ್ಷ ಆ ಪ್ರಾಣಿ ಎಲ್ಲಿತ್ತು?

ಈ ಆರು ವರ್ಷದೊಳಕ್ಕೆ ನೇರ ಕಾಲಿಟ್ಟದ್ದು ಪೃಥ್ವಿ ಕೊಣನೂರು. ಅವರ ‘ರೈಲ್ವೇ ಚಿಲ್ಡ್ರನ್’ ಮನೆ ಬಿಟ್ಟು ಓಡಿಬಂದ, ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಹುಡುಗರ ಕಥೆ. ಅದರ ಹುಡುಗ ಮನೋಹರನಿಗೆ ೬೪ನೇ ರಾಷ್ಟ್ರಪ್ರಶಸ್ತಿಯಲ್ಲಿ ಬಾಲನಟ ಪುರಸ್ಕಾರ ಬಂತು. ೨೦೨೨ರಲ್ಲಿ ಬಂದದ್ದು ‘ಹದಿನೇಳೆಂಟು’. ಪಿಯು ಓದುವ ಹರಿ ಮತ್ತು ದೀಪಾ ಖಾಲಿ ಕ್ಲಾಸ್‌ರೂಮಿನಲ್ಲಿ ತಮ್ಮ ಖಾಸಗಿ ಗಳಿಗೆಯೊಂದನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದು ಊರೆಲ್ಲ ಹರಿದಾಡುತ್ತದೆ. ಕಾಲೇಜು ವಿಚಾರಣೆ ಕೂರುತ್ತದೆ, ತಂದೆತಾಯಿ ಬರುತ್ತಾರೆ, ಜಾತಿ ಬರುತ್ತದೆ, ಕಾನೂನು ಬರುತ್ತದೆ. ಹೆಸರೇ ನೋಡಿ: ಹದಿನೇಳೋ ಹದಿನೆಂಟೋ ಅನ್ನುವ ಒಂದು ಗೆರೆಯ ಮೇಲೆ ಇಬ್ಬರ ಬದುಕು ನಿಂತಿದೆ. ೨೦೧೨ರ ಪೋಕ್ಸೋ ಕಾಯ್ದೆಯಲ್ಲಿ ಹದಿನೆಂಟು ತುಂಬದವರ ಒಪ್ಪಿಗೆಗೆ ಲೆಕ್ಕವೇ ಇಲ್ಲ.

ನನ್ನ ಪ್ರಕಾರ ಈ ಹತ್ತು ವರ್ಷದ ಬಹಳ ಮುಖ್ಯ ಕನ್ನಡ ಸಿನಿಮಾ ಅದು. ಹಾಗಂತ ಹಾರ ಹಾಕಿ ಸುಮ್ಮನಿರುವುದಿಲ್ಲ. ಅದರಲ್ಲೂ ಹೆಚ್ಚು ಮಾತಾಡುವುದು ದೊಡ್ಡವರೇ. ವಿಚಾರಣೆಯ ಮೇಜಿನ ಸುತ್ತ ಕೂತವರ ಇಬ್ಬಂದಿಯನ್ನು ಪೃಥ್ವಿ ಎಷ್ಟು ಸೂಕ್ಷ್ಮವಾಗಿ ಹಿಡಿದಿದ್ದಾರೆಂದರೆ, ದೀಪಾಳ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಕೂರಬಾರದಿತ್ತೇ ಅನ್ನಿಸುತ್ತದೆ. ಬಹುಶಃ ಅದೇ ಅವರ ಉದ್ದೇಶವಿರಬಹುದು, ಹುಡುಗರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹುಡುಗರನ್ನು ಕೇಳುವವರಿಲ್ಲ ಅಂತ. ಸರಿ. ಆದರೆ ಒಂದು ಸಿನಿಮಾ ಅದನ್ನು ತೋರಿಸಿದ ಮೇಲೆ, ಇನ್ನೊಂದು ಸಿನಿಮಾ ಅವರನ್ನು ಕೇಳಬೇಕಲ್ಲವೇ?

ಆ ಚಿತ್ರ ಬುಸಾನಿನ ಚಿತ್ರೋತ್ಸವಕ್ಕೆ ಹೋಯಿತು, ಗೋವಾದ ಇಫಿಯಲ್ಲಿ ಇಂಡಿಯನ್ ಪನೋರಮಾದ ಉದ್ಘಾಟನಾ ಚಿತ್ರವಾಯಿತು. ನಮ್ಮ ಬೀದಿಯ ಪಿಯು ಹುಡುಗರನ್ನು ಕೇಳಿದೆ, ಒಬ್ಬನಿಗೂ ಹೆಸರು ಗೊತ್ತಿಲ್ಲ. ಇಂಥ ಚಿತ್ರಗಳಿಗೆ ಸಿಗುವುದು ಬೆಳಿಗ್ಗೆ ಹತ್ತೂವರೆಯ ಆಟ. ಆ ಹೊತ್ತಿಗೆ ಹುಡುಗರು ಕ್ಲಾಸಿನಲ್ಲಿರುತ್ತಾರೆ. ಮಾರನೇ ವಾರ “ಜನ ಬರಲಿಲ್ಲ” ಅಂತ ತೆಗೆದುಬಿಟ್ಟರಾಯಿತು.

ಇದೆಲ್ಲ ಯಾಕೆ ಮುಖ್ಯ ಅಂದರೆ, ನಮ್ಮ ಏರಿಯಾ ನೋಡಿ. ಒಂದು ಕಡೆ ಡಿಆರ್‌ಡಿಓ ಲ್ಯಾಬುಗಳ ಉದ್ದುದ್ದ ಕಾಂಪೌಂಡು, ಇನ್ನೊಂದು ಕಡೆ ಬಾಗ್ಮನೆ ಟೆಕ್ ಪಾರ್ಕು, ನಡುವೆ ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯದ ಸಂದುಗಳು. ವಿಜ್ಞಾನಿಯ ಮಗ, ಸೆಕ್ಯುರಿಟಿಯವನ ಮಗಳು, ತಮಿಳು ತೆಲುಗು ಮಾತಾಡುವ ಮನೆಯ ಹುಡುಗರು, ಎಲ್ಲರೂ ಒಂದೇ ಟ್ಯೂಷನ್ನಿನ ಮೆಟ್ಟಿಲ ಮೇಲೆ. ತಮ್ಮೊಳಗೆ ಒಂದು ಕನ್ನಡ ಮಾತಾಡುತ್ತಾರೆ, ಅರ್ಧ ಇಂಗ್ಲಿಷು, ಕಾಲು ಪಾಲು ತಮಿಳು, ಬೈಗುಳ ಮಾತ್ರ ಶುದ್ಧ ಕನ್ನಡ :) ಆ ಕನ್ನಡವನ್ನು ಯಾವ ಸಿನಿಮಾದಲ್ಲೂ ನಾನು ಕೇಳಿಲ್ಲ.

ಹೋದ ವರ್ಷ ಇಲ್ಲೇ ಹತ್ತಿರದ ಒಂದು ಕಾಲೇಜಿನಲ್ಲಿ (ಹೆಸರು ಬೇಡ) ನಮ್ಮ ಪರಿಚಯದವರ ಮಗಳನ್ನು ಹದಿನೈದು ದಿನ ಹೊರಗೆ ಹಾಕಿದರು. ಬಸ್ ಸ್ಟಾಪಿನಲ್ಲಿ ಸಹಪಾಠಿ ಹುಡುಗನ ಜೊತೆ ಸಂಜೆ ಏಳರವರೆಗೆ ಕೂತಿದ್ದಳಂತೆ. ಮೀಟಿಂಗಿನಲ್ಲಿ ಪ್ರಿನ್ಸಿಪಾಲ್, ಇಬ್ಬರು ಲೆಕ್ಚರರು, ಅವಳ ಅಪ್ಪ ಅಮ್ಮ, ಸುಮ್ಮನೆ ಜೊತೆಗಿರಲಿ ಅಂತ ಕರೆದುಕೊಂಡು ಹೋದ ನಾನು. ಒಂದು ಗಂಟೆ ಮಾತಾಯಿತು. ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: “ಹೀಗೆ ಮಾಡಬಹುದಾ ನೀನು?” ಉತ್ತರಕ್ಕೆ ಯಾರೂ ಕಾಯಲಿಲ್ಲ. ಆ ಹುಡುಗಿ ಆ ಒಂದು ಗಂಟೆ ಏನು ಯೋಚಿಸುತ್ತಿದ್ದಳು? ಅದೊಂದು ಪೂರಾ ಸಿನಿಮಾ ಕಣ್ರೀ. ಖರ್ಚು ಎಷ್ಟು? ಒಂದು ರೂಮು, ಒಂದು ಬಸ್ ಸ್ಟಾಪು.

ದುಡ್ಡಿಲ್ಲ, ಮಾರ್ಕೆಟ್ಟಿಲ್ಲ ಅನ್ನುವವರಿಗೆ ಇದೇ ಉತ್ತರ. ಸ್ಟಾರು ಬೇಡ, ಫಾರಿನ್ ಹಾಡು ಬೇಡ, ಫೈಟು ಬೇಡ. ಸಂಸ್ಕೃತಿ ಹಾಳಾಗುತ್ತದೆ ಅನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ಆ ಮಕ್ಕಳು ಕೊರಿಯಾದ, ಸ್ಪೇನಿನ ಶಾಲೆ ಹುಡುಗರ ಕಥೆಗಳನ್ನು ರಾತ್ರಿ ಹೊದಿಕೆಯೊಳಗೆ ಮೊಬೈಲಿಟ್ಟುಕೊಂಡು ನೋಡುತ್ತಿದ್ದಾರೆ, ಬೇಕಾದರೆ ಹೋಗಿ ಹೊದಿಕೆ ಎತ್ತಿ ನೋಡಿ. ಸೆನ್ಸಾರ್ ಮಂಡಳಿ ಕೂಡ ೨೦೨೪ರಲ್ಲಿ ಯುಎ ೧೩+, ಯುಎ ೧೬+ ಅಂತ ವಿಂಗಡಿಸಿ, ಹದಿಮೂರು ಹದಿನಾರು ಬೇರೆ ಬೇರೆ ಅಂತ ಒಪ್ಪಿಕೊಂಡಿದೆ. ಗಾಂಧಿನಗರಕ್ಕೆ ಮಾತ್ರ ಇನ್ನೂ ಗೊತ್ತಾಗಬೇಕು.

ಬರೆಯುವ ಗೆಳೆಯರೇ, ನಮ್ಮಲ್ಲೂ ದೋಷವಿದೆ. ಬಾಲ್ಯದ ಬಗ್ಗೆ ನಾವು ಬರೆಯುವುದೆಂದರೆ ಅಜ್ಜಿ ಮನೆ, ಮಾವಿನ ಮರ, ಮಳೆ. ಹದಿನಾರರಲ್ಲಿ ನಮಗೆ ಅಪ್ಪನ ಮೇಲೆ ಬಂದ ಸಿಟ್ಟು, ಮನೆ ಬಿಟ್ಟು ಹೋಗಬೇಕೆಂದು ಚೀಲ ತುಂಬಿದ ರಾತ್ರಿ, ಅವು ಎಲ್ಲಿ? ಅದನ್ನು ಬರೆಯಿರಿ. ಯಾರಾದರೂ ಹೊಸ ಹುಡುಗ ಓದಿ ಸಿನಿಮಾ ಮಾಡಿಯಾನು. ಆಟವನ್ನು ಸಂಜೆ ಆರೂವರೆಗೆ ಇಡಲಿ, ಟ್ಯೂಷನ್ ತಪ್ಪಿಸಿ ಬರುತ್ತಾರೆ. ಅದರಲ್ಲಿ ಮೇಷ್ಟ್ರೂ ಇರಲಿ, ನನ್ನದೇನೂ ಅಭ್ಯಂತರವಿಲ್ಲ. ಅವರ ದನಿ ಮಾತ್ರ ಕೇಳಿಸಿದರೆ ಸಾಕು.