ಸರ್ಕಾರಿ ದೆವ್ವದ ಜೊತೆ ಒಂದು ಸಂಜೆ

ದೆಹಲಿಯ ಪ್ರವಾಸೋದ್ಯಮ ಇಲಾಖೆ 2023ರ ಮೇ ತಿಂಗಳಲ್ಲಿ ‘ಹಾಂಟೆಡ್ ವಾಕ್’ ಶುರುಮಾಡಿತು. ಮೊದಲ ನಡಿಗೆ ರಿಡ್ಜ್ ಕಾಡಿನೊಳಗಿನ ಮಾಲ್ಚಾ ಮಹಲ್‌ಗೆ; ಟಿಕೆಟ್ ₹800. ಭೂಲಿ ಭಟಿಯಾರಿ ಮಹಲ್, ಫಿರೋಜ್ ಶಾ ಕೋಟ್ಲಾ, ತುಘಲಕಾಬಾದ್ ಕೋಟೆಗಳೂ ಪಟ್ಟಿಯಲ್ಲಿದ್ದವು. ಹಳೆಯ ಊರಿನ ದೆವ್ವದ ಕತೆಗಳನ್ನು ಸರ್ಕಾರವೇ ಟಿಕೆಟ್ ಹರಿದು ಹೇಳುವುದು ಸರಿಯೇ?

ಪರ: ದೆವ್ವ ಕರೆದರೇ ಜನ ಬರುವುದು

ಪಾಳು ಬಿದ್ದ ಬೇಟೆಮನೆ ನೋಡೋಣ ಬನ್ನಿ ಎಂದರೆ ಇತಿಹಾಸದ ಮೇಷ್ಟ್ರು ಬರುತ್ತಾರೆ, ಜೊತೆಗೆ ಅವರ ಇಬ್ಬರು ಶಿಷ್ಯರು. ಅಲ್ಲಿ ದೆವ್ವ ಇದೆಯಂತೆ ಎನ್ನಿ, ಮನೆಮಂದಿಯೆಲ್ಲ ಚಪ್ಪಲಿ ಮೆಟ್ಟುತ್ತಾರೆ. ಮಾಲ್ಚಾ ಮಹಲ್ 14ನೇ ಶತಮಾನದ್ದು, ಫಿರೋಜ್ ಶಾ ತುಘಲಕ್ ಕಾಲದ್ದು. ಈ ಮಾತು ಕೇಳಿ ಯಾರ ಮೈಯೂ ಜುಮ್ಮೆನ್ನುವುದಿಲ್ಲ.

ಭೂಲಿ ಭಟಿಯಾರಿ ಎಂದರೆ ದಾರಿ ತಪ್ಪಿ ಅಲೆಯುವ ಹೆಂಗಸಿನ ಪ್ರೇತ ಎನ್ನುತ್ತಾರೆ. ಬೂ ಅಲಿ ಭಟ್ಟಿ ಎಂಬ ಸಂತನ ಹೆಸರೇ ಬಾಯಿಂದ ಬಾಯಿಗೆ ಸವೆದು ಹೀಗಾಯಿತು ಎಂಬ ವಾದವೂ ಇದೆ. ಒಳ್ಳೆಯ ಗೈಡ್ ಮೊದಲನೆಯದನ್ನು ಹೇಳಿ ಹೆದರಿಸುತ್ತಾನೆ, ಎರಡನೆಯದನ್ನು ಹೇಳಿ ನಗಿಸುತ್ತಾನೆ; ನಡುವೆ ತುಘಲಕರ ಇತಿಹಾಸ ಗೊತ್ತಾಗದಂತೆ ಕಿವಿಗೆ ಬಿದ್ದಿರುತ್ತದೆ.

ಕೋಟ್ಲಾವನ್ನು ನೋಡಿ. ಗುರುವಾರ ಬಂತೆಂದರೆ ಜನ ಅಲ್ಲಿನ ಜಿನ್‌ಗಳಿಗೆ ಅರ್ಜಿ ಬರೆದುಕೊಂಡು ಬರುತ್ತಾರೆ. ಹೌದು, ಅರ್ಜಿಯೇ. ಹೆಸರು, ವಿಳಾಸ, ಕೆಲವರದು ಫೋಟೊ ಸಮೇತ. ಅದನ್ನೇ ಜೆರಾಕ್ಸ್ ಮಾಡಿಸಿ ಗೂಡುಗೂಡಿನಲ್ಲೂ ಇಡುವವರಿದ್ದಾರೆ. ಯಾವ ಜಿನ್ ಯಾವ ವಿಭಾಗ ನೋಡಿಕೊಳ್ಳುತ್ತಾನೋ ಏನೋ! ಜನ ಹೀಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದ ಬೆನ್ನಲ್ಲೇ, ಎನ್ನುತ್ತಾರೆ ಮಾನವಶಾಸ್ತ್ರಜ್ಞ ಆನಂದ್ ವಿವೇಕ್ ತನೇಜಾ. ಕಚೇರಿಗಳು ಕಿವಿ ಮುಚ್ಚಿಕೊಂಡಿದ್ದ ಕಾಲದ ಸಂಕಟವನ್ನು ಕಡತಗಳಿಗಿಂತ ಚೆನ್ನಾಗಿ ಇಟ್ಟುಕೊಂಡಿರುವುದು ಈ ಗೋಡೆಗಳು. ಇದನ್ನು ಕೈಬಿಟ್ಟು ದೆಹಲಿಯ ಇತಿಹಾಸ ಹೇಳುವುದು ಹೇಗೆ?

ಮೂಢನಂಬಿಕೆ ಹರಡುತ್ತದೆ ಎಂಬ ಭಯ ಅತಿಯಾಯಿತು. ದೆವ್ವ ಒಳಗೆ ಬಾರದಿರಲೆಂದು ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದವರೆಲ್ಲ ಮಂತ್ರವಾದಿಯ ಮನೆ ಹುಡುಕಿಕೊಂಡು ಹೋಗಲಿಲ್ಲ. ಅಂದಹಾಗೆ, ಮಾಲ್ಚಾ ನಡಿಗೆಯ ಸಮಯ ಸಂಜೆ 5.30ರಿಂದ 7. ಮೇ ತಿಂಗಳ ದೆಹಲಿಯಲ್ಲಿ ಹೊತ್ತು ಮುಳುಗುವುದೇ ಏಳಕ್ಕೆ. ದೆವ್ವ ಆಕಳಿಸಿ ಏಳುವಷ್ಟರಲ್ಲಿ ಜನ ಬಸ್ ಸ್ಟಾಪಿನಲ್ಲಿರುತ್ತಾರೆ.

ವಿರೋಧ: ಆಕೆ ದೆವ್ವವಲ್ಲ

ಕೋಟ್ಲಾದ ಮಾತನ್ನು ಅರ್ಧ ಒಪ್ಪುತ್ತೇನೆ. ಅಲ್ಲಿ ಅರ್ಜಿ ಇಡುವವನಿಗೆ ಅದು ಪ್ರಾರ್ಥನೆ. ಅವನ ಪಕ್ಕದಲ್ಲಿ ಟಿಕೆಟ್ ಹಿಡಿದು ನಿಂತವನಿಗೆ ಅದು ತಮಾಷೆ. ಆದರೆ ನನ್ನ ನಿಜವಾದ ತಕರಾರು ಮಾಲ್ಚಾ ಮಹಲಿನದು.

ಅಲ್ಲಿ ದೆವ್ವವಾಗಿರುವುದು ಯಾರು? ಅವಧ್ ರಾಜವಂಶದವಳೆಂದು ಹೇಳಿಕೊಂಡ ಬೇಗಂ ವಿಲಾಯತ್ ಮಹಲ್ 1970ರ ದಶಕದಲ್ಲಿ ಮಗ, ಮಗಳು, ಆಳುಗಳು, ನಾಯಿಗಳ ಸಮೇತ ನವದೆಹಲಿ ರೈಲು ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಬೀಡುಬಿಟ್ಟರು. ಬ್ರಿಟಿಷರು 1856ರಲ್ಲಿ ಕಸಿದುಕೊಂಡದ್ದನ್ನು ಹಿಂದಿರುಗಿಸಿ ಎಂಬುದು ಹಟ. ಕೊನೆಗೆ ಸಿಕ್ಕಿದ್ದು ಈ ಪಾಳುಮನೆ. 1985ರಲ್ಲಿ ಬಂದು ಸೇರಿದರು. ಕರೆಂಟಿಲ್ಲ, ನಲ್ಲಿಯಿಲ್ಲ, ಬಾಗಿಲೂ ಇಲ್ಲ. 1993ರಲ್ಲಿ ಆಕೆ ಅಲ್ಲೇ ಪ್ರಾಣ ಕಳೆದುಕೊಂಡರು. ಆಮೇಲೆ ಮಗಳು ಹೋದಳು. 2017ರಲ್ಲಿ ಮಗನೂ ತೀರಿಕೊಂಡ, ಒಬ್ಬಂಟಿಯಾಗಿ.

ಎರಡು ವರ್ಷಗಳ ನಂತರ ‘ನ್ಯೂಯಾರ್ಕ್ ಟೈಮ್ಸ್’ನ ಎಲೆನ್ ಬ್ಯಾರಿ ಈ ಕುಟುಂಬದ ಬೇರು ಹುಡುಕಿದರು. ರಾಜವಂಶವೇ ಇರಲಿಲ್ಲ. ಆಕೆ ವಿಲಾಯತ್ ಬಟ್. ಗಂಡ ಲಖನೌ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದವರು. ದೇಶ ಒಡೆದಾಗ ಊರು ಬಿಟ್ಟು ಪಾಕಿಸ್ತಾನಕ್ಕೆ ಹೋದ ಮನೆತನ. ಅಲ್ಲಿ ಆಕೆಯನ್ನು ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿಟ್ಟಿದ್ದರು. ಹಿರಿಯ ಮಗನೊಬ್ಬ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಿಂದ ‘ರಾಜಕುಮಾರ’ ತಮ್ಮನಿಗೆ ಹಣ ಕಳಿಸುತ್ತಿದ್ದ.

ಇದು ವಿಭಜನೆಯ ಕತೆ. ಕಳೆದುಕೊಂಡ ಮನೆಯ ಜಾಗಕ್ಕೆ ಕಾಲ್ಪನಿಕ ಅರಮನೆ ಕಟ್ಟಿಕೊಂಡ ಹೆಣ್ಣಿನ ಕತೆ. ಆಕೆಯ ಮೊಮ್ಮಕ್ಕಳ ವಯಸ್ಸಿನವರನ್ನು ಕರೆತಂದು, ಇಲ್ಲಿ ಬೇಗಮ್ಮಳ ಆತ್ಮ ಅಲೆಯುತ್ತದೆ ಎಂದು ಹೆದರಿಸಿದರೆ ಆಕೆ ಎರಡನೆಯ ಸಲ ಮನೆ ಕಳೆದುಕೊಂಡಂತೆ. ಖಾಸಗಿಯವನು ಹೊಟ್ಟೆಪಾಡಿಗೆ ಹೇಳಿದರೆ ಸಹಿಸಬಹುದು. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಕರ್ತವ್ಯ ಎನ್ನುತ್ತದೆ. ಇಲಾಖೆಗೆ ಮಾತ್ರ ವಿನಾಯಿತಿಯೇ? ಮಹಲಿನ ಪಕ್ಕದಲ್ಲೇ ಇಸ್ರೋದ ಉಪಗ್ರಹ ಭೂನಿಲ್ದಾಣವಿದೆ ಎಂಬುದನ್ನೂ ನೆನಪಿಡಿ.

ನಡಿಗೆ ನಿಲ್ಲಿಸಿ ಎನ್ನುತ್ತಿಲ್ಲ. ಅದೇ ಕಾಡುದಾರಿ, ಅದೇ ₹800 ಇರಲಿ. ಟಿಕೆಟ್ಟಿನ ಮೇಲಿನ ‘ಹಾಂಟೆಡ್’ ಎಂಬ ಪದ ಅಳಿಸಿ, ಅಲ್ಲಿ ವಿಲಾಯತ್ ಬಟ್ ಅವರ ಹೆಸರು ಅಚ್ಚುಹಾಕಿಸಿ.